ಹೆಸರು ಪರದೆ ಮೇಲೆ ಬರದ ಕೆಲಸ

ಪ್ರಶ್ನೆ: ನನ್ನ ಮಗ ಬಿಕಾಂ ಮುಗಿಸಿ ಈಗ ಎಂಬಿಎ ಓದುತ್ತಿದ್ದಾನೆ. ಸಿನಿಮಾ ಹುಚ್ಚು ಜಾಸ್ತಿ. ನಟ ಆಗ್ತೀನಿ, ಡೈರೆಕ್ಟರ್ ಆಗ್ತೀನಿ ಅಂದಿದ್ದರೆ ನನಗೂ ಅರ್ಥ ಆಗುತ್ತಿತ್ತು. ಇವನು 'ಸ್ಟುಡಿಯೋ ಎಕ್ಸಿಕ್ಯೂಟಿವ್ ಆಗ್ತೀನಿ, ಆಮೇಲೆ ನಿರ್ಮಾಪಕ ಆಗ್ತೀನಿ' ಅಂತಾನೆ. ಎರಡೂ ಬೇರೆ ಬೇರೆನಾ? ಸ್ಟುಡಿಯೋ ಎಕ್ಸಿಕ್ಯೂಟಿವ್ ದಿನವಿಡೀ ಮಾಡುವುದಾದರೂ ಏನು? ಯಾರಾದರೂ ಒಬ್ಬರ ಉದಾಹರಣೆ ಕೊಟ್ಟು ಹೇಳಿದರೆ ಉಪಕಾರ ಆಗುತ್ತದೆ. — ಒಬ್ಬ ತಾಯಿ, ಹಾಸನ

ಉತ್ತರ: ಮೊದಲು 'ಸ್ಟುಡಿಯೋ' ಅನ್ನುವ ಪದದ ಗೊಂದಲ ಬಿಡಿಸೋಣ. ನಮಗೆ ಸ್ಟುಡಿಯೋ ಅಂದ ತಕ್ಷಣ ನೆನಪಾಗುವುದು ಬೆಂಗಳೂರಿನ ಕಂಠೀರವ ಸ್ಟುಡಿಯೋ ಥರದ ಜಾಗ. ಫ್ಲೋರ್ ಬಾಡಿಗೆಗೆ ತಗೊಳ್ತೀರಿ, ಸೆಟ್ ಹಾಕ್ತೀರಿ, ಶೂಟಿಂಗ್ ಮುಗಿಸಿ ಗೇಟ್ ದಾಟ್ತೀರಿ. ಹಾಲಿವುಡ್‌ನಲ್ಲಿ ಸ್ಟುಡಿಯೋ ಅಂದರೆ ಜಾಗಕ್ಕಿಂತ ಹೆಚ್ಚಾಗಿ ಕಂಪನಿ. ಕಥೆ ಕೊಳ್ಳುವುದು, ದುಡ್ಡು ಹಾಕುವುದು, ಥಿಯೇಟರಿಗೆ ತಲುಪಿಸುವುದು ಎಲ್ಲ ಅದರದ್ದೇ. ಆ ಕಂಪನಿಯಲ್ಲಿ ಸಂಬಳಕ್ಕೆ ಕೂತು 'ಈ ಸಿನಿಮಾ ಮಾಡೋಣ, ಆ ಸಿನಿಮಾ ಬೇಡ' ಅಂತ ಹೇಳುವವನೇ ಸ್ಟುಡಿಯೋ ಎಕ್ಸಿಕ್ಯೂಟಿವ್. ನಮ್ಮ ಟೈಟಲ್ ಕಾರ್ಡಿನಲ್ಲಿ ಬರುವ 'ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್' ಬೇರೆ. ನಮ್ಮ ಕಡೆ ಅವರು ಸಾಮಾನ್ಯವಾಗಿ ನಿರ್ಮಾಪಕರ ಪರವಾಗಿ ಶೂಟಿಂಗ್ ಜಾಗದಲ್ಲಿ ನಿಂತು ಖರ್ಚುವೆಚ್ಚ ನೋಡಿಕೊಳ್ಳುವವರು.

ನಿರ್ಮಾಪಕ ಒಂದು ಸಿನಿಮಾದ ಬೆನ್ನು ಹತ್ತುತ್ತಾನೆ. ಕಥೆ ಹುಡುಕುವುದರಿಂದ ಹಿಡಿದು ಬಿಡುಗಡೆವರೆಗೆ ಅದೇ ಅವನ ಸಂಸಾರ. ಎಕ್ಸಿಕ್ಯೂಟಿವ್ ಮೇಜಿನ ಮೇಲೆ ಒಂದೇ ಸಲಕ್ಕೆ ಹತ್ತಾರು ಸಿನಿಮಾ ಇರುತ್ತವೆ. ದುಡ್ಡು ಅವನದ್ದಲ್ಲ, ಕಂಪನಿಯದ್ದು. ಸಿನಿಮಾ ಗೆದ್ದರೆ ಹೆಸರು ಡೈರೆಕ್ಟರಿಗೆ, ನಟರಿಗೆ. ಸೋತರೆ 'ಇದಕ್ಕೆ ಯಾರು ಒಪ್ಪಿಗೆ ಕೊಟ್ಟಿದ್ದು?' ಅಂತ ಕಂಪನಿಯವರು ಹುಡುಕಿಕೊಂಡು ಬರುವುದು ಇವನ ಕೋಣೆಗೆ.

ಗಾಂಧಿನಗರದಲ್ಲಿ ಈ ಎರಡು ಕೆಲಸ ಬೇರೆ ಆಗಿದ್ದೇ ಕಡಿಮೆ. ಪಾರ್ವತಮ್ಮ ರಾಜ್‌ಕುಮಾರ್ ಅವರನ್ನೇ ನೋಡಿ. 1975ರ 'ತ್ರಿಮೂರ್ತಿ'ಯಿಂದ ನಿರ್ಮಾಣಕ್ಕೆ ಇಳಿದರು. ಯಾವ ಕಥೆ ಸಿನಿಮಾ ಆಗಬೇಕು ಅಂತ ನೋಡಿದವರೂ ಅವರೇ, ಬಂಡವಾಳದ ಲೆಕ್ಕ ಇಟ್ಟವರೂ ಅವರೇ. ಉಳಿದಂತೆ ನಮ್ಮಲ್ಲಿ ನಿರ್ಮಾಪಕ ಅಂದರೆ ಬಡ್ಡಿಗೆ ದುಡ್ಡು ತಂದು ನಿದ್ದೆಗೆಟ್ಟವನು ಅಂತಲೇ ಅರ್ಥ, ಅಲ್ವಾ?

ಉದಾಹರಣೆ ಕೇಳಿದ್ದೀರಿ. ನಾನು ಆಲನ್ ಲ್ಯಾಡ್ ಜೂನಿಯರ್ ಅವರನ್ನು ಆರಿಸಿಕೊಳ್ತೀನಿ. ಈ ಹೆಸರು ನೀವು ಕೇಳಿರಲಿಕ್ಕಿಲ್ಲ. ಆದರೆ ಅವರು 'ಹೂಂ' ಅಂದ ಸಿನಿಮಾಗಳ ಹೆಸರು ನಿಮ್ಮ ಮಗನಿಗೆ ಬಾಯಿಪಾಠ ಇರುತ್ತದೆ: 'ಸ್ಟಾರ್ ವಾರ್ಸ್', 'ಏಲಿಯನ್', 'ಬ್ಲೇಡ್ ರನ್ನರ್', 'ಬ್ರೇವ್‌ಹಾರ್ಟ್'.

ಹುಟ್ಟಿದ್ದು 1937ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ. ತಂದೆ ಆಲನ್ ಲ್ಯಾಡ್ ದೊಡ್ಡ ಸ್ಟಾರ್, 'ಶೇನ್' ಚಿತ್ರದ ನಾಯಕ. ಮಲತಾಯಿ ಸೂ ಕ್ಯಾರಲ್ ಮೊದಲು ನಟಿ, ಆಮೇಲೆ ಏಜೆಂಟ್. ಗಂಡನನ್ನು ಸ್ಟಾರ್ ಮಾಡಿದ್ದೇ ಆಕೆ. ಸ್ಟಾರ್ ಮಗ ಅಂದಮೇಲೆ ನೇರವಾಗಿ ಕ್ಯಾಮೆರಾ ಮುಂದೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ. 1960ರ ದಶಕದಲ್ಲಿ ಒಂದು ಏಜೆನ್ಸಿ ಸೇರಿ ನಟರ ಏಜೆಂಟ್ ಆದರು. ಏಜೆಂಟ್ ಅಂದರೆ ನಟನಿಗೆ ಕೆಲಸ ಕೊಡಿಸಿ, ಕರಾರು ಮಾತಾಡಿ, ಕಮಿಷನ್ ತಗೊಳ್ಳುವವನು. ಫೋನ್ ಕಿವಿಯಿಂದ ಇಳಿಯದ ಕೆಲಸ. ಯಾರಿಗೆ ಎಷ್ಟು ಬೆಲೆ, ಯಾರು ಮಾತಿಗೆ ನಿಲ್ಲುತ್ತಾರೆ, ಯಾರು ಕೊನೇ ಗಳಿಗೆಯಲ್ಲಿ ಕೈ ಕೊಡುತ್ತಾರೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಹಾಲಿವುಡ್‌ನ ಎಷ್ಟೋ ಸ್ಟುಡಿಯೋ ಮುಖ್ಯಸ್ಥರು ಏಜೆಂಟರಾಗಿದ್ದು ಬಂದವರು. ಅದು ಸುಮ್ನೆ ಅಲ್ಲ.

ಆಮೇಲೆ ಲಂಡನ್‌ಗೆ ಹೋಗಿ ನಿರ್ಮಾಪಕರಾದರು. 1970ರ ಆಸುಪಾಸಿನಲ್ಲಿ ಒಂದರ ಹಿಂದೆ ಒಂದು ಸಿನಿಮಾ ಮಾಡಿದರು. ಯಾವುದೂ ಇತಿಹಾಸ ಆಗಲಿಲ್ಲ. ಆದರೆ ಮಳೆ ಬಂದು ಶೂಟಿಂಗ್ ನಿಂತರೆ ದಿನಕ್ಕೆ ಎಷ್ಟು ಕೈಬಿಡುತ್ತದೆ ಅಂತ ಕಾಗದದಲ್ಲಿ ನೋಡುವುದು ಬೇರೆ, ಜೇಬಿನಲ್ಲಿ ನೋಡುವುದು ಬೇರೆ. ನಿಮ್ಮ ಮಗ 'ಮೊದಲು ಎಕ್ಸಿಕ್ಯೂಟಿವ್, ಆಮೇಲೆ ನಿರ್ಮಾಪಕ' ಅಂತ ಮೆಟ್ಟಿಲು ಹಾಕಿಕೊಂಡಿದ್ದಾನೆ. ಲ್ಯಾಡ್ ಹತ್ತಿದ್ದು ಉಲ್ಟಾ ಕಡೆಯಿಂದ. ಕೊನೆಗೆ ಮತ್ತೆ ನಿರ್ಮಾಪಕರೂ ಆದರು, ಅದು ಆಮೇಲೆ ಹೇಳ್ತೀನಿ.

1973ರಲ್ಲಿ ಅಮೆರಿಕಕ್ಕೆ ವಾಪಸ್ ಬಂದು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿ ಸೇರಿದರು. ಕಥೆಗಳನ್ನು ಆರಿಸುವ ವಿಭಾಗ ಅವರದ್ದು. ಅಲ್ಲಿ ಅವರ ಕೈಗೆ ಸಿಕ್ಕ ಒಳ್ಳೆ ಸಿನಿಮಾಗಳಲ್ಲಿ ಕೆಲವು ಬೇರೆ ಕಂಪನಿಯವರು ಬೇಡ ಅಂದವು. ಮೆಲ್ ಬ್ರೂಕ್ಸ್ ಒಂದು ಹಾಸ್ಯ ಚಿತ್ರ ಇಟ್ಟುಕೊಂಡು ಕೊಲಂಬಿಯಾ ಕಂಪನಿಗೆ ಹೋಗಿದ್ದರು. ಹಳೇ ದೆವ್ವದ ಸಿನಿಮಾಗಳ ಅಣಕ ಅದು, 'ಯಂಗ್ ಫ್ರಾಂಕೆನ್‌ಸ್ಟೈನ್'. ಹಾಗಾಗಿ ಕಪ್ಪು ಬಿಳುಪಿನಲ್ಲೇ ಆಗಬೇಕು ಅಂತ ಬ್ರೂಕ್ಸ್ ಹಟ. ಬಣ್ಣ ಇಲ್ಲದಿದ್ದರೆ ಆಗಲ್ಲ ಅಂತ ಕೊಲಂಬಿಯಾ. ಫಾಕ್ಸ್‌ನಲ್ಲಿ ಲ್ಯಾಡ್ ಒಪ್ಪಿದರು. 1974ರಲ್ಲಿ ಬಿಡುಗಡೆ ಆಯಿತು, ಜನ ಮುಗಿಬಿದ್ದರು.

ಈಗ 'ಸ್ಟಾರ್ ವಾರ್ಸ್' ಕಡೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಹೋಗ್ತೀನಿ. ನಿಮ್ಮ 'ದಿನವಿಡೀ ಏನು ಮಾಡ್ತಾರೆ' ಅನ್ನುವ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

1973ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನಾರ್ತ್‌ಪಾಯಿಂಟ್ ಥಿಯೇಟರಿನಲ್ಲಿ ಜಾರ್ಜ್ ಲೂಕಸ್ ಅನ್ನುವ ಹುಡುಗನ ಎರಡನೇ ಸಿನಿಮಾ 'ಅಮೆರಿಕನ್ ಗ್ರಾಫಿಟಿ' ಪ್ರಿವ್ಯೂ ಹಾಕಿದರು. ಜನ ಖುಷಿಪಟ್ಟರು. ದುಡ್ಡು ಹಾಕಿದ್ದ ಯುನಿವರ್ಸಲ್ ಕಂಪನಿಯವರು ಮಾತ್ರ ಮುಖ ಗಂಟು ಹಾಕಿಕೊಂಡರು. ಸಿನಿಮಾ ಬಿಡುಗಡೆ ಆಗದೆ ಕೂತಿತ್ತು. ಆ ಪ್ರಿಂಟ್ ಹೇಗೋ ಲ್ಯಾಡ್ ಕೈಗೆ ಬಂತು, ನೋಡಿದರು. ಅದೇ ಹೊತ್ತಿಗೆ ಲೂಕಸ್ ಇನ್ನೊಂದು ಕಥೆ ಹಿಡಿದು ಓಡಾಡುತ್ತಿದ್ದ. ಬಾಹ್ಯಾಕಾಶ, ರೋಬೋಟ್‌ಗಳು, ಬೆಳಕಿನ ಕತ್ತಿ. ಯುನೈಟೆಡ್ ಆರ್ಟಿಸ್ಟ್ಸ್ ಬೇಡ ಅಂದಿತ್ತು, ಯುನಿವರ್ಸಲ್ ಬೇಡ ಅಂದಿತ್ತು. ಲ್ಯಾಡ್‌ಗೂ ಆ ಕಥೆ ಪೂರ್ತಿ ತಲೆಗೆ ಹೋಗಲಿಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಆದರೆ 'ಅಮೆರಿಕನ್ ಗ್ರಾಫಿಟಿ' ಮಾಡಿದ ಹುಡುಗ ಇವನು, ಇವನ ಕೈಯಲ್ಲಿ ಏನೋ ಇದೆ ಅಂತ ಒಪ್ಪಿಗೆ ಕೊಟ್ಟರು. ಕಥೆಗೆ ಅಲ್ಲ, ಆ ಮನುಷ್ಯನಿಗೆ.

ಒಪ್ಪಿಗೆ ಕೊಡುವುದು ಒಂದು ಮಧ್ಯಾಹ್ನದ ಕೆಲಸ. ಅದಾದ ಮೇಲೆ ನಾಲ್ಕು ವರ್ಷ ಅದರ ಹಿಂದೆ ನಿಲ್ಲಬೇಕು. ಶೂಟಿಂಗ್ ಶುರುವಾಗಿದ್ದು 1976ರ ಮಾರ್ಚ್‌ನಲ್ಲಿ, ಟುನೀಶಿಯಾದ ಮರಳಿನಲ್ಲಿ. ಹೋದ ಸ್ವಲ್ಪ ದಿನಕ್ಕೇ ಮಳೆ, ಗಾಳಿ. ರೋಬೋಟ್‌ಗಳು ಕೆಟ್ಟು ನಿಂತವು. ಆಮೇಲೆ ಲಂಡನ್ ಹತ್ತಿರದ ಎಲ್‌ಸ್ಟ್ರೀ ಸ್ಟುಡಿಯೋ. ಅಲ್ಲೂ ದಿನಗಳು ಜಾರಿದವು. ಸುಮಾರು 80 ಲಕ್ಷ ಡಾಲರ್ ಅಂದುಕೊಂಡಿದ್ದ ಬಜೆಟ್ 1 ಕೋಟಿ 10 ಲಕ್ಷದ ಹತ್ತಿರ ಹೋಯಿತು. ಫಾಕ್ಸ್‌ನ ಆಡಳಿತ ಮಂಡಳಿಯಲ್ಲಿ ಇದ್ದವರು ಸಿನಿಮಾದವರಿಗಿಂತ ಹೆಚ್ಚಾಗಿ ಲೆಕ್ಕದವರು. 'ಈ ನಾಯಿ ಮುಖದ ವೇಷದವನು ಯಾರು, ಇದಕ್ಕೆ ಇಷ್ಟು ದುಡ್ಡಾ?' ಅಂತ ಅವರಿಗೆ ಅನಿಸಿದರೆ ತಪ್ಪೇನಿಲ್ಲ ಬಿಡಿ. ಕೊನೆಗೆ ಬೇಗ ಮುಗಿಸಲೇಬೇಕು ಅಂತ ಗಡುವು ಬಂತು. ಆ ಗಡುವನ್ನು ಲೂಕಸ್‌ಗೆ ಹೇಳಬೇಕಾದವರೂ ಲ್ಯಾಡ್, ಮಂಡಳಿ ಮುಂದೆ ಕೂತು ಸಿನಿಮಾ ನಿಲ್ಲದಂತೆ ನೋಡಿಕೊಳ್ಳಬೇಕಾದವರೂ ಲ್ಯಾಡ್. ಲೂಕಸ್ ತಂಡವನ್ನು ಮೂರು ಭಾಗ ಮಾಡಿ ಒಂದೇ ಸಲಕ್ಕೆ ಮೂರು ಕಡೆ ಶೂಟ್ ಮಾಡಿ ಮುಗಿಸಿದರು.

ನೀವು ಮನೆ ಕಟ್ಟಿಸಿದ್ದರೆ ಈ ಪಾಡು ಗೊತ್ತಿರುತ್ತದೆ. ಮೇಸ್ತ್ರಿ ಒಂದು ಕಡೆ, ಬ್ಯಾಂಕಿನವರು ಇನ್ನೊಂದು ಕಡೆ. ಎಕ್ಸಿಕ್ಯೂಟಿವ್ ನಿಂತಿರುವುದು ಆ ನಡುವಿನ ಜಾಗದಲ್ಲಿ.

ಬಿಡುಗಡೆಗೆ ಮುಂಚೆ ಥಿಯೇಟರಿನವರೂ ಈ ಸಿನಿಮಾ ತಗೊಳ್ಳಲು ಹಿಂದೆ ಮುಂದೆ ನೋಡಿದರು. ಅವರಿಗೆ ಬೇಕಾಗಿದ್ದು ಅದೇ ವರ್ಷದ ಫಾಕ್ಸ್‌ನ ಇನ್ನೊಂದು ಸಿನಿಮಾ, 'ದಿ ಅದರ್ ಸೈಡ್ ಆಫ್ ಮಿಡ್‌ನೈಟ್'. ಅದು ಬೇಕಾದರೆ ಇದನ್ನೂ ತಗೊಳ್ಳಿ ಅಂತ ಫಾಕ್ಸ್ ಗಂಟು ಹಾಕಿತು. ದೊಡ್ಡ ಹೀರೋ ಸಿನಿಮಾ ಜೊತೆ ಚಿಕ್ಕದೊಂದನ್ನು ತಗುಲಿಸಿ ಕಳಿಸುವುದು ಎಲ್ಲ ಊರಿನ ವಿತರಕರಿಗೂ ಗೊತ್ತಿರುವ ಆಟ. ಇಲ್ಲಿ ಮಾತ್ರ ಚಿಕ್ಕದು ಯಾವುದು, ದೊಡ್ಡದು ಯಾವುದು ಅಂತ ಯಾರಿಗೂ ಗೊತ್ತಾಗಿರಲಿಲ್ಲ.

1977ರ ಮೇ 1ರಂದು ಅದೇ ನಾರ್ತ್‌ಪಾಯಿಂಟ್ ಥಿಯೇಟರಿನಲ್ಲಿ ಪ್ರಿವ್ಯೂ. ಮೊದಲ ದೃಶ್ಯದಲ್ಲಿ ಆ ದೊಡ್ಡ ನೌಕೆ ತಲೆ ಮೇಲೆ ಹಾದು ಹೋಗುತ್ತಿದ್ದ ಹಾಗೆ ಜನ ಕೂಗಿದರು. ತನಗೆ ಕಣ್ಣೀರು ಬಂತು ಅಂತ ಲ್ಯಾಡ್ ಆಮೇಲೆ ಹೇಳಿಕೊಂಡಿದ್ದಾರೆ. ಮೇ 25ಕ್ಕೆ ಬಿಡುಗಡೆ. ಮೊದಲ ದಿನ ಅಮೆರಿಕದಲ್ಲೆಲ್ಲ ಸೇರಿ ಬರೀ 32 ಥಿಯೇಟರ್. ಆಮೇಲಿನದ್ದು ನಿಮಗೇ ಗೊತ್ತು.

ಇದೇ ಕಥೆಯಲ್ಲಿ ಒಂದು ದೊಡ್ಡ ಎಡವಟ್ಟೂ ಇದೆ. 'ಅಮೆರಿಕನ್ ಗ್ರಾಫಿಟಿ' ಗೆದ್ದ ಮೇಲೆ ಲೂಕಸ್ ಸಂಭಾವನೆ ಜಾಸ್ತಿ ಕೇಳಬಹುದಿತ್ತು. ಕೇಳಲಿಲ್ಲ. ಅದರ ಬದಲು ಮುಂದಿನ ಭಾಗಗಳ ಹಕ್ಕು ಮತ್ತು ಆಟಿಕೆ, ಅಂಗಿ, ಪೋಸ್ಟರ್ ಮಾರುವ ಹಕ್ಕು ಕೇಳಿದರು. ಫಾಕ್ಸ್ ಕೊಟ್ಟಿತು. ಆಗ ಸಿನಿಮಾ ಆಟಿಕೆಗೆ ಅಂಥಾ ಮಾರುಕಟ್ಟೆ ಇರಲಿಲ್ಲ. ಕಡಲೆಕಾಯಿ ಸಿಪ್ಪೆ ಕೊಟ್ಟೆವು ಅಂದುಕೊಂಡರು, ಕೊಟ್ಟಿದ್ದು ಕಾಳು. ಕರಾರು ಓದುವ ವಿದ್ಯೆ ಎಂಬಿಎ ಹುಡುಗನಿಗೆ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಕೇಳಿದರೆ ಇದನ್ನು ತೋರಿಸಿ.

ಆ ವರ್ಷದ ಆಸ್ಕರ್ ಕಥೆ ಇನ್ನೂ ಚೆನ್ನಾಗಿದೆ. 1978ರಲ್ಲಿ ಶ್ರೇಷ್ಠ ಚಿತ್ರಕ್ಕೆ ನಾಮನಿರ್ದೇಶನ ಆದ ಐದರಲ್ಲಿ ಮೂರು ಫಾಕ್ಸ್‌ನವು: 'ಸ್ಟಾರ್ ವಾರ್ಸ್', 'ಜೂಲಿಯಾ', 'ದಿ ಟರ್ನಿಂಗ್ ಪಾಯಿಂಟ್'. ಮೂರೂ ಲ್ಯಾಡ್ ಕಾಲದವು. ಗೆದ್ದಿದ್ದು ನಾಲ್ಕನೆಯದು, 'ಆನಿ ಹಾಲ್'. ಅದು ಹೋಗಲಿ. ಮೂರರಲ್ಲಿ ಒಂದು ಗೆದ್ದಿದ್ದರೂ ಲ್ಯಾಡ್ ವೇದಿಕೆ ಹತ್ತುತ್ತಿರಲಿಲ್ಲ. ಶ್ರೇಷ್ಠ ಚಿತ್ರದ ಆಸ್ಕರ್ ಹೋಗುವುದು ನಿರ್ಮಾಪಕರ ಹೆಸರಿಗೆ. ಒಪ್ಪಿಗೆ ಕೊಟ್ಟ ಎಕ್ಸಿಕ್ಯೂಟಿವ್ ಕೆಳಗೆ ಕೂತು ಚಪ್ಪಾಳೆ ತಟ್ಟಬೇಕು. ನೀವು ಕೇಳಿದ ವ್ಯತ್ಯಾಸ ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರಲ್ಲ.

'ಏಲಿಯನ್' ವಿಷಯ ಒಂದೆರಡು ಮಾತು. ಬಾಹ್ಯಾಕಾಶದ ಹಡಗಿನಲ್ಲಿ ಒಂದೊಂದೇ ಹೆಣ ಬೀಳುವ ಕಥೆ. ಕೊನೆಗೆ ಉಳಿಯುವ ರಿಪ್ಲಿ ಪಾತ್ರವನ್ನು ಹೆಣ್ಣು ಮಾಡಿದರೆ ಹೇಗೆ ಅಂತ ಕೇಳಿದ್ದು ಲ್ಯಾಡ್ ಅಂತ ನಿರ್ದೇಶಕ ರಿಡ್ಲಿ ಸ್ಕಾಟ್ ಹೇಳಿದ್ದಾರೆ. ಆ ಪಾತ್ರಕ್ಕೆ ಸಿಗೌರ್ನಿ ವೀವರ್ ಅನ್ನುವ ರಂಗಭೂಮಿಯ ಹೊಸ ಹುಡುಗಿ ಬಂದಳು. ಸ್ಕ್ರೀನ್ ಟೆಸ್ಟ್ ಆಯಿತು. ಲ್ಯಾಡ್ ಆ ತುಣುಕನ್ನು ಆಫೀಸಿನಲ್ಲಿ ಕೆಲಸ ಮಾಡುವ ಹೆಂಗಸರಿಗೆ ತೋರಿಸಿ 'ಏನನ್ನಿಸುತ್ತೆ?' ಅಂತ ಕೇಳಿದರಂತೆ. ಅವರಿಗೆ ಹಿಡಿಸಿತು, ಪಾತ್ರ ಸಿಕ್ಕಿತು. ಸರ್ವೆ ಇಲ್ಲ, ಕನ್ಸಲ್ಟೆಂಟ್ ಇಲ್ಲ. ಟಿಕೆಟ್ ತಗೊಳ್ಳುವವರನ್ನೇ ಕೇಳಿದರು.

ನನ್ನದೊಂದು ನೆನಪು ಹೇಳ್ತೀನಿ, ಅಡ್ಡ ಮಾತು ಅಂದುಕೊಳ್ಳಬೇಡಿ. ನಾನು ಬಹಳ ವರ್ಷದ ಹಿಂದೆ ಗಾಂಧಿನಗರದ ಒಂದು ವಿತರಣಾ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಒಂದು ಸಂಜೆ ಮಳೆಯಲ್ಲಿ ನೆಂದುಕೊಂಡು ಒಬ್ಬ ಹುಡುಗ ಬಂದ, ಕಥೆ ಹೇಳಲಿಕ್ಕೆ. ಯಜಮಾನರು ಕಣ್ಣು ಮುಚ್ಚಿ ಒಂದೂವರೆ ಗಂಟೆ ಕೇಳಿದರು. ಕಾಫಿ ಎರಡು ಸಲ ಬಂತು. ಕಥೆ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: 'ಹೀರೋ ಯಾರು?' ಹುಡುಗ ಒಬ್ಬ ಹೊಸಬನ ಹೆಸರು ಹೇಳಿದ. 'ನೋಡೋಣ' ಅಂದರು. ಗಾಂಧಿನಗರದಲ್ಲಿ 'ನೋಡೋಣ' ಅಂದರೆ ಏನು ಅಂತ ನಿಮ್ಮ ಮಗನಿಗೆ ಬೇಗ ಗೊತ್ತಾಗುತ್ತದೆ. ಎರಡು ವರ್ಷದ ಮೇಲೆ ಆ ಸಿನಿಮಾ ಬೇರೆಯವರ ಕೈಲಿ ಆಗಿ ನೂರು ದಿನ ಓಡಿತು. ನಾನು ಅವತ್ತು ಲೆಕ್ಕದ ಪುಸ್ತಕ ತೆಗೆದು ಸುಮ್ಮನೆ ನೋಡಿದೆ. ಬಂದ ದುಡ್ಡಿಗೆ ಕಾಲಂ ಇತ್ತು, ಹೋದ ದುಡ್ಡಿಗೆ ಕಾಲಂ ಇತ್ತು. ಬೇಡ ಅಂದ ಸಿನಿಮಾಗೆ ಕಾಲಂ ಇರಲಿಲ್ಲ. ಯುನಿವರ್ಸಲ್, ಯುನೈಟೆಡ್ ಆರ್ಟಿಸ್ಟ್ಸ್ ಪುಸ್ತಕಗಳಲ್ಲೂ ಇರಲಿಕ್ಕಿಲ್ಲ.

ಮತ್ತೆ ಲ್ಯಾಡ್ ವಿಷಯಕ್ಕೆ. ಇಷ್ಟೆಲ್ಲ ಗೆಲುವು ತಂದುಕೊಟ್ಟ ಮನುಷ್ಯ ಫಾಕ್ಸ್‌ನಲ್ಲಿ ನಿವೃತ್ತಿವರೆಗೆ ಇರಬೇಕಿತ್ತು, ಅಲ್ವಾ? ಇರಲಿಲ್ಲ. ಕಂಪನಿಯ ಅಧ್ಯಕ್ಷ ಡೆನ್ನಿಸ್ ಸ್ಟ್ಯಾನ್‌ಫಿಲ್ ಹಣಕಾಸಿನ ಕಡೆಯಿಂದ ಬಂದವರು, ಇಬ್ಬರಿಗೂ ಹೊಂದಲಿಲ್ಲ. 1979ರಲ್ಲಿ ಲ್ಯಾಡ್ ಹೊರಗೆ ಬಂದರು. ಜೊತೆಯಲ್ಲಿ ಇಬ್ಬರು ಸಹೋದ್ಯೋಗಿಗಳೂ ಬಂದರು, ಜೇ ಕಾಂಟರ್ ಮತ್ತು ಗ್ಯಾರೆಥ್ ವಿಗನ್. ಮೂವರೂ ಸೇರಿ 'ದಿ ಲ್ಯಾಡ್ ಕಂಪನಿ' ತೆರೆದರು. ಸಿನಿಮಾ ಹಂಚುವುದು ವಾರ್ನರ್ ಬ್ರದರ್ಸ್.

ಸ್ವಂತ ಅಂಗಡಿ ಹಾಕಿದ ಮೇಲೆ ಏನಾಯಿತು ಅನ್ನುವುದನ್ನು ಮಗನಿಗೆ ಒಂದು ಸಲ ಅಲ್ಲ, ಎರಡು ಸಲ ಓದಿ ಹೇಳಿ. ಮೊದಲು ಅದೃಷ್ಟ ಕೂಡಿ ಬಂತು. ಇಂಗ್ಲೆಂಡಿನ 'ಚಾರಿಯಟ್ಸ್ ಆಫ್ ಫೈರ್' ಚಿತ್ರವನ್ನು ಅಮೆರಿಕಕ್ಕೆ ತಂದರು, ಅದಕ್ಕೆ ಶ್ರೇಷ್ಠ ಚಿತ್ರದ ಆಸ್ಕರ್ ಬಂತು. 1982ರಲ್ಲಿ 'ಬ್ಲೇಡ್ ರನ್ನರ್'. 'ಸ್ಟಾರ್ ವಾರ್ಸ್' ಬಂದಿದ್ದು ಮೇ 25ಕ್ಕೆ, 'ಏಲಿಯನ್' ಬಂದಿದ್ದೂ 1979ರ ಮೇ 25ಕ್ಕೆ. ಹಾಗಾಗಿ 25 ತನಗೆ ಆಗಿಬರುವ ಸಂಖ್ಯೆ ಅಂತ ಲ್ಯಾಡ್ ಈ ಸಿನಿಮಾಗೂ ಜೂನ್ 25 ಇಟ್ಟರಂತೆ. ಮುಹೂರ್ತ, ರಾಹುಕಾಲ ನೋಡುವುದು ನಾವು ಮಾತ್ರ ಅಂದುಕೊಂಡಿದ್ದೀರಾ? ಆದರೆ ಎರಡು ವಾರ ಮುಂಚೆ 'ಇ.ಟಿ.' ಬಂದಿತ್ತು. ಜನರಿಗೆ ಮುದ್ದಾದ ಅನ್ಯಗ್ರಹದ ಮರಿ ಬೇಕಿತ್ತು. ಮಳೆ ಸುರಿಯುವ ಕತ್ತಲೆ ಊರು ಬೇಕಿರಲಿಲ್ಲ. 'ಬ್ಲೇಡ್ ರನ್ನರ್' ಮಲಗಿತು. ಈಗ ಅದನ್ನು ಸಿನಿಮಾ ಶಾಲೆಗಳಲ್ಲಿ ಪಾಠ ಮಾಡುತ್ತಾರೆ. ಆದರೆ ಆ ವರ್ಷದ ಬ್ಯಾಂಕ್ ಕಂತು ಕಟ್ಟಲಿಕ್ಕೆ ಈಗಿನ ಹೊಗಳಿಕೆ ಬರಲ್ಲವಲ್ಲ.

1983ರಲ್ಲಿ ಬಾಹ್ಯಾಕಾಶ ಯಾತ್ರಿಗಳ ಕಥೆ 'ದಿ ರೈಟ್ ಸ್ಟಫ್'. ಎಂಟು ಆಸ್ಕರ್ ನಾಮನಿರ್ದೇಶನ, ನಾಲ್ಕು ಆಸ್ಕರ್, ಕೈಗೆ ನಷ್ಟ. ಮುಂದಿನ ವರ್ಷ 'ಪೊಲೀಸ್ ಅಕಾಡೆಮಿ' ಅನ್ನುವ ಪೋಲಿ ಹಾಸ್ಯದ, ಕಡಿಮೆ ಬಜೆಟ್ಟಿನ ಸಿನಿಮಾ. ದುಡ್ಡಿನ ಮಳೆ. ಮರ್ಯಾದೆ ತಂದಿದ್ದು ಒಂದು, ಅಕ್ಕಿ ತಂದಿದ್ದು ಇನ್ನೊಂದು.

ಅದೇ 1984ರಲ್ಲಿ ಅವರ ಕಂಪನಿ ಮಾಡಿದ ಒಂದು ಕೆಲಸ ನನಗೆ ಇವತ್ತಿಗೂ ಹಿಡಿಸಲ್ಲ. ಸರ್ಜಿಯೋ ಲಿಯೋನೆ ಅವರ 'ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ' 229 ನಿಮಿಷದ ಸಿನಿಮಾ. ನೆನಪು ಹಿಂದೆ ಮುಂದೆ ಓಡುವುದೇ ಅದರ ಜೀವ. ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಅದನ್ನು 139 ನಿಮಿಷಕ್ಕೆ ಕತ್ತರಿಸಿ, ಕಥೆಯನ್ನು ಕಾಲದ ಪ್ರಕಾರ ನೇರ ಜೋಡಿಸಿದರು. ಸಿನಿಮಾ ಸೋತಿತು. ಕತ್ತರಿಸದ ಆವೃತ್ತಿಯನ್ನು ಮಾತ್ರ ಜನ ಇವತ್ತಿಗೂ ನೋಡುತ್ತಾರೆ. ಲೂಕಸ್ ಹಿಂದೆ ನಾಲ್ಕು ವರ್ಷ ನಿಂತ ಮನುಷ್ಯನ ಹೆಸರಿನ ಕಂಪನಿಯಲ್ಲೇ ಇದು ಆಯಿತು. ನಷ್ಟದ ಮೇಲೆ ನಷ್ಟ ಬಂದಾಗ ಕತ್ತರಿ ಕೈಗೆ ಬೇಗ ಸಿಗುತ್ತದೆ.

ಆಮೇಲೆ ಎಂಜಿಎಂ ಅನ್ನುವ ಇನ್ನೊಂದು ದೊಡ್ಡ ಸ್ಟುಡಿಯೋ. 1985ರಿಂದ ಅಲ್ಲಿ ಮುಖ್ಯಸ್ಥರಲ್ಲಿ ಒಬ್ಬರು. 'ಮೂನ್‌ಸ್ಟ್ರಕ್', 'ಎ ಫಿಶ್ ಕಾಲ್ಡ್ ವಾಂಡಾ' ಆ ಕಾಲದವು. ಕಂಪನಿ ಕೈ ಬದಲಾಯಿಸುತ್ತಲೇ ಇತ್ತು. ಇವರು ಹೊರಗೆ ಹೋದರು, ಇಟಲಿಯ ಉದ್ಯಮಿ ಜಿಯಾನ್‌ಕಾರ್ಲೊ ಪ್ಯಾರೆಟ್ಟಿ ಜೊತೆ ಸೇರಿದರು, ಪ್ಯಾರೆಟ್ಟಿ ಎಂಜಿಎಂ ಕೊಂಡಾಗ ಮತ್ತೆ ಅದೇ ಬಾಗಿಲಿಗೆ ಬಂದರು. ಸಾಲ ಕೊಟ್ಟಿದ್ದ ಫ್ರೆಂಚ್ ಬ್ಯಾಂಕು ಕೊನೆಗೆ ಕಂಪನಿಯನ್ನೇ ಕೈಗೆ ತಗೊಂಡಿತು. ಈ ಗಲಾಟೆ ನಡುವೆಯೇ 1991ರಲ್ಲಿ 'ಥೆಲ್ಮಾ ಅಂಡ್ ಲೂಯಿಸ್' ಬಂತು ಅಂದರೆ ನಂಬಬೇಕು. ಕಾರಿನಲ್ಲಿ ಹೊರಟ ಇಬ್ಬರು ಹೆಂಗಸರ ಕಥೆ.

1993ರಲ್ಲಿ ಎಂಜಿಎಂ ಬಿಟ್ಟರು. ಬಿಡುವಾಗ ಒಂದು ಜಾಣ ಕೆಲಸ ಮಾಡಿದರು. ಅಲ್ಲಿ ತಾವು ಬೆಳೆಸುತ್ತಿದ್ದ ಕೆಲವು ಚಿತ್ರಕಥೆಗಳಲ್ಲಿ ಎರಡನ್ನು ಜೊತೆಗೆ ತಗೊಂಡು ಹೋಗಲು ಒಪ್ಪಂದ ಮಾಡಿಕೊಂಡರು. ದೊಡ್ಡ ಮೊತ್ತದ ಚೆಕ್‌ಗಿಂತ ಇದು ಲಾಭ. ಅದರಲ್ಲಿ ಒಂದು ಸ್ಕಾಟ್ಲೆಂಡಿನ ವೀರನ ಕಥೆ, 'ಬ್ರೇವ್‌ಹಾರ್ಟ್'. ಈಗ ಅವರು ಎಕ್ಸಿಕ್ಯೂಟಿವ್ ಅಲ್ಲ, ಮತ್ತೆ ನಿರ್ಮಾಪಕ. 'ಬ್ರೇವ್‌ಹಾರ್ಟ್'ಗೆ ಐದು ಆಸ್ಕರ್ ಬಂದವು. ಶ್ರೇಷ್ಠ ಚಿತ್ರದ್ದನ್ನು ಮೆಲ್ ಗಿಬ್ಸನ್, ಬ್ರೂಸ್ ಡೇವಿ ಜೊತೆ ಲ್ಯಾಡ್ ಹಂಚಿಕೊಂಡರು. ವಯಸ್ಸು 58. ಅವತ್ತು 1996ರ ಮಾರ್ಚ್ 25. 'ಬ್ಲೇಡ್ ರನ್ನರ್'ಗೆ ಕೈ ಕೊಟ್ಟ 25 ಇಲ್ಲಿ ಬಡ್ಡಿ ಸಮೇತ ತೀರಿಸಿತು ಅಂತ ನಾನು ಸುಮ್ನೆ ತಮಾಷೆಗೆ ಹೇಳ್ತಿರ್ತೀನಿ. 2022ರ ಮಾರ್ಚ್‌ನಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮಗಳು ತಂದೆ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದ್ದಾರೆ. ಸಿಕ್ಕರೆ ತಾಯಿ ಮಗ ಕೂತು ನೋಡಿ.

ಇನ್ನು ನಿಮ್ಮ ಮಗನ ವಿಷಯ. ಎಂಬಿಎ ಓದಲಿ, ಬೇಡ ಅನ್ನಲ್ಲ. ಈಗ ಒಟಿಟಿ ಕಂಪನಿಗಳಲ್ಲಿ, ದೊಡ್ಡ ನಿರ್ಮಾಣ ಸಂಸ್ಥೆಗಳಲ್ಲಿ ಇಂಥ ಕೆಲಸಗಳಿವೆ, ಹೆಚ್ಚಿನವು ಮುಂಬೈನಲ್ಲಿ. ಕೆಳಗಿನ ಮೆಟ್ಟಿಲಿನ ಕೆಲಸ ಸ್ಕ್ರಿಪ್ಟ್ ಓದುವುದು. ದಿನಾ ಓದಬೇಕು, ಹೆಚ್ಚಿನವು ಚೆನ್ನಾಗಿರಲ್ಲ. ಓದಿ ಎರಡು ಪುಟ ಬರೆದು ಕೊಡಬೇಕು: ಒಂದರಲ್ಲಿ ಕಥೆ, ಇನ್ನೊಂದರಲ್ಲಿ ಮಾಡಬೇಕೋ ಬೇಡವೋ, ಯಾಕೆ. ಮೇಲಿನವರು ಓದುವುದು ಎರಡನೇ ಪುಟ. ಅದಕ್ಕೆ ಮೊದಲೇ ಅಭ್ಯಾಸ ಆಗಲಿ. ವಾರಕ್ಕೊಂದು ಕನ್ನಡ ಕಾದಂಬರಿ ಕೈಗೆ ಕೊಡಿ. ಓದಿ ಅದೇ ಥರ ಎರಡು ಪುಟ ಬರೆಯಲಿ. ಆಮೇಲೆ ನೀವು ಕೇಳಿ: 'ನಿನ್ನ ಅಪ್ಪನ ಪಿಎಫ್ ದುಡ್ಡು ಇದಕ್ಕೆ ಹಾಕ್ತೀಯಾ?' ಹೂಂ ಅಂದರೆ ಯಾಕೆ ಅಂತ ಕೇಳಿ. ಇಲ್ಲ ಅಂದರೂ ಯಾಕೆ ಅಂತ ಕೇಳಿ. ಒಂದು ವರ್ಷ ಹೀಗೆ ಮಾಡಿದ ಮೇಲೂ ಇದೇ ಕೆಲಸ ಬೇಕು ಅಂದರೆ ನನಗೆ ಇನ್ನೊಂದು ಪತ್ರ ಬರೆಯಿರಿ, ಅವನು ಬರೆದ ಎರಡನೇ ಪುಟಗಳ ಜೊತೆ.